ಕೊನೆಯ ನಲ್ಲಿ

ಜೂನ್ 9

ಮರೀ,

ಆದರೆ ನನ್ನ ಉತ್ತರ ಕ್ಷೌರಿಕನಿಗೆ ಹಿಡಿಸಲಿಲ್ಲ ನೋಡು. ಹೋದ ಕಾಗದದಲ್ಲಿ ಅಲ್ಲಿಗೆ ಹಾಳೆ ಮುಗಿಯಿತು, ಮಾತು ಮುಗಿದಿರಲಿಲ್ಲ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೇ ಮಾತಾಡುತ್ತಾನೆ. ಹಾಗಾಗಿ ಅವನ ತುಟಿ ಓದಲು ನನಗೆ ಬರುತ್ತದೆ. ಊರಲ್ಲಿ ನಾನು ಸಲೀಸಾಗಿ ಹರಟುವುದು ಅವನೊಬ್ಬನ ಹತ್ತಿರ.

“ಮಗಳು ಡಾಕ್ಟರಾಗ್ತಾಳಾ ನೀರಣ್ಣ?”

“ಇಲ್ಲಪ್ಪ.”

“ಹಾಗಾದ್ರೆ ನರ್ಸು.”

“ಅದೂ ಅಲ್ಲ. ಸಾರ್ವಜನಿಕ ಆರೋಗ್ಯ ಅಂತ ಒಂದು ಡಿಗ್ರಿ. ಜನಕ್ಕೆ ಕಾಯಿಲೆ ಬರದ ಹಾಗೆ ನೋಡ್ಕೊಳ್ಳೋದು.”

ಕತ್ತರಿ ಗಾಳಿಯಲ್ಲಿ ನಿಂತಿತು. “ಕಾಯಿಲೆ ಬರ್ಲೇ ಇಲ್ಲ ಅಂದ್ರೆ ಇವಳು ಕೆಲಸ ಮಾಡಿದ್ಲು ಅಂತ ಯಾರಿಗೆ ಗೊತ್ತಾಗ್ಬೇಕು?”

“ಯಾರಿಗೂ ಗೊತ್ತಾಗಲ್ಲ.”

“ಒಳ್ಳೇ ಓದು. ನನ್ನ ಕೆಲಸ ನೋಡಿ, ನೆಲದ ಮೇಲೆ ಬಿದ್ದಿರೋ ಕೂದಲೇ ಸಾಕ್ಷಿ” ಎಂದು ನಕ್ಕ.

ನಾನೂ ನಕ್ಕೆ. ಆದರೆ ಮನೆಗೆ ಬರುತ್ತಾ ದಾರಿಯಲ್ಲಿ ಯೋಚಿಸಿದೆ. ಮೂವತ್ತೊಂದು ವರ್ಷ ಪಂಪ್‌ಹೌಸಿನಲ್ಲಿ ನೀರು ಎತ್ತಿ, ಬ್ಲೀಚಿಂಗ್ ಪುಡಿ ಕಲಸಿ, ಊರಿಗೆ ಬಿಟ್ಟೆ. ನೀರು ಬಂದರೆ ಅದು ನೀರಿನ ಗುಣ, ಬಾರದಿದ್ದರೆ ನೀರಣ್ಣನ ತಪ್ಪು. ಕ್ಲೀನ್ ನೀರು ಕುಡಿದು ಯಾರಿಗೂ ಏನೂ ಆಗದ ದಿನಕ್ಕೆ ಯಾರೂ ಬಂದು ಕೈ ಮುಗಿಯಲಿಲ್ಲ. ನೀನೂ ಅದೇ ಸಾಲಿಗೆ ಬಂದು ನಿಂತಿದ್ದೀಯ. ಬಿ.ಎಸ್ಸಿ. ಎರಡು ವರ್ಷ ಓದಿದವನಿಗೆ ಎಷ್ಟು ಇಂಗ್ಲಿಷ್ ಉಳಿದಿರಬೇಕೋ ಅಷ್ಟರಲ್ಲಿ ಹೇಳುವುದಾದರೆ, ಲೈಕ್ ಫಾದರ್ ಲೈಕ್ ಡಾಟರ್, ಹೆನ್ಸ್ ಪ್ರೂವ್ಡ್.

ಫೋನ್ ಮಾಡುತ್ತೇನೆ ಎಂದು ಬರೆದಿದ್ದೀಯ, ಬೇಡ. ಪಂಪಿನ ಸದ್ದು ನನ್ನ ಎರಡು ಕಿವಿಯನ್ನೂ ತಿಂದು ಕೈ ತೊಳೆದುಕೊಂಡಿದೆ. ನಾನು ಮೂರು ಸಲ ಹಲೋ ಎಂದು ಕೂಗುವುದು, ನೀನು ಆ ಕಡೆ ಅಳುವುದು, ಕೆಳಗಿನ ಮನೆಯ ಟೀಚರಮ್ಮ ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬರುವುದು. ಕಾಗದವೇ ಒಳ್ಳೆಯದು. ಅದು ಕೂಗುವುದಿಲ್ಲ.

ನಿನ್ನ ಅಪ್ಪ


ಜೂನ್ 21

ಅಪ್ಪ,

ಕ್ಷೌರಿಕನ ಮಾತು ಓದಿ ನಕ್ಕೆ. ಎರಡನೆಯ ಸಲ ಓದಿದಾಗ ಅಷ್ಟು ನಗು ಬರಲಿಲ್ಲ. ನಮ್ಮ ತರಗತಿಯಲ್ಲಿ ಮೊದಲ ವರ್ಷ ನಲವತ್ತು ಜನ ಇದ್ದೆವು, ಈಗ ಇಪ್ಪತ್ತಮೂರು. ಈ ತಿಂಗಳು ಇನ್ನಿಬ್ಬರು ನರ್ಸಿಂಗಿಗೆ ಹೋದರು. ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವಳೂ ಹೋದಳು. ಮಿಕ್ಕಂತೆ ಎಲ್ಲ ಚೆನ್ನಾಗಿದೆ.

ಒಂದು ಸಹಾಯ ಬೇಕು. ಕೊನೆಯ ವರ್ಷದ ಪ್ರಾಜೆಕ್ಟಿಗೆ, ಹಿಂದೆ ಎಲ್ಲಾದರೂ ಹರಡಿದ ಒಂದು ಕಾಯಿಲೆಯನ್ನು ಆರಿಸಿಕೊಂಡು, ಅದು ಯಾರಿಗೆ ಬಂತು, ಎಲ್ಲಿ ಬಂತು, ಯಾವ ದಿನ ಬಂತು ಎಂದು ಹುಡುಕಿ, ಎಲ್ಲಿಂದ ಬಂತು ಎಂಬುದನ್ನು ಕಂಡುಹಿಡಿಯಬೇಕು. ನಾನು ನಮ್ಮ ಹಳೇ ಬೀದಿಯ ಕಾಮಾಲೆಯನ್ನು ತೆಗೆದುಕೊಂಡಿದ್ದೇನೆ. ಅಮ್ಮ ತೀರಿಕೊಂಡ ವರ್ಷದ್ದು.

ನೀರು ಸರಬರಾಜು ಕಚೇರಿಗೆ ಬರೆದಿದ್ದೆ. ಆ ವರ್ಷದ ರಿಜಿಸ್ಟರ್ ಕಚೇರಿ ಬದಲಾಯಿಸುವಾಗ ಕಳೆದುಹೋಯಿತಂತೆ. ಆದರೆ ನೀವು ಕಾರ್ಬನ್ ಇಟ್ಟು ಬರೆಯುತ್ತಿದ್ದಿರಿ, ಮೇಲಿನ ಹಾಳೆ ಕಚೇರಿಗೆ, ಕೆಳಗಿನದು ನಿಮ್ಮ ಪುಸ್ತಕದಲ್ಲಿ. ಆ ಪುಸ್ತಕಗಳು ಟ್ರಂಕಿನಲ್ಲಿ ಇದ್ದದ್ದು ನನಗೆ ನೆನಪಿದೆ. ಆ ವರ್ಷದ ಜನವರಿಯಿಂದ ಮಾರ್ಚ್‌ವರೆಗಿನದು ಕಳಿಸುತ್ತೀರಾ?

ಮರಿ


ಜೂನ್ 26

ಮರೀ,

ನಿನ್ನ ಕಾಗದ ಗುರುವಾರ ಬಂತು. ಹೊಸ ಅಂಚೆಯವನು ಮೆಟ್ಟಿಲು ಹತ್ತಲು ಸೋಮಾರಿ. ಇಪ್ಪತ್ತೆರಡು ಮೆಟ್ಟಿಲು, ನಾನು ದಿನಕ್ಕೆ ಮೂರು ಸಲ ಹತ್ತುತ್ತೇನೆ, ಅವನಿಗೆ ಒಂದು ಸಲಕ್ಕೇ ಏದುಸಿರು. ಕಾಗದವನ್ನು ಟೀಚರಮ್ಮನ ಕಿಟಕಿಯಲ್ಲಿ ಸಿಕ್ಕಿಸಿ ಹೋಗುತ್ತಾನೆ. ಟೀಚರಮ್ಮ ಅದನ್ನು ತಂದುಕೊಟ್ಟು, ನಾನು ಒಡೆಯುವವರೆಗೂ ಬಾಗಿಲಲ್ಲೇ ನಿಂತಿರುತ್ತಾರೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರು. ಯಾರ ಕೈಬರಹ ಕಂಡರೂ ಕೆಂಪು ಶಾಯಿ ನೆನಪಾಗುತ್ತದೋ ಏನೋ.

ಜೊತೆಯವಳು ಹೋದಳು ಎಂದು ಊಟ ಬಿಡಬೇಡ. ಒಬ್ಬರೇ ಊಟ ಮಾಡುವುದಕ್ಕೂ ಅಭ್ಯಾಸ ಬೇಕು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತೇನೆ. ಗೋಡೆಯ ಕಡೆ ಕೂತರೆ ತುತ್ತು ಇಳಿಯುವುದಿಲ್ಲ.

ನಿನ್ನ ಅಮ್ಮ ನನ್ನ ಕೆಲಸಕ್ಕೆ ಮಾರ್ಕು ಹಾಕುತ್ತಿದ್ದದ್ದು ನಿನಗೆ ನೆನಪಿದೆಯೋ ಇಲ್ಲವೋ. ನಮ್ಮದು ಬೀದಿಯ ತುದಿಯ ಮನೆ, ಪೈಪಿನ ಕೊನೆಯ ನಲ್ಲಿ. ಬೆಳಿಗ್ಗೆ ನೀರು ಬಿಟ್ಟ ಕೂಡಲೇ ಅಂಗೈಯಲ್ಲಿ ಹಿಡಿದು ಮೂಸುತ್ತಿದ್ದಳು. ಬ್ಲೀಚಿಂಗ್ ವಾಸನೆ ಇದ್ದರೆ, ಪಾಳಿ ಮುಗಿಸಿ ನಾನು ಬಂದಾಗ ಹೇಳುವಳು: “ನೀವು ಆಗ್ಲೇ ನಲ್ಲೀಲಿ ಬಂದಾಯ್ತು. ಈಗ ಬಂದಿರೋದು ಯಾರು?” ಮದುವೆಯಾದ ಮೊದಲ ತಿಂಗಳಿಂದ ಇದೇ ತಮಾಷೆ. ಹಳಸಲಿಲ್ಲ.

ಮಳೆ ಇನ್ನೂ ಇಲ್ಲ. ಕೊಡೆಯ ಕಡ್ಡಿ ರಿಪೇರಿ ಮಾಡಿಸಿದೆ.

ಆ ಪುಸ್ತಕಗಳಿಗೆ ಗೆದ್ದಲು ಹಿಡಿದು ಹೋಯಿತು. ಒಂದೂ ಉಳಿದಿಲ್ಲ.

ನಿನ್ನ ಅಪ್ಪ


ಜುಲೈ 17

ಮರೀ,

ಮೂರು ವಾರವಾಯಿತು. ಹೋದ ಕಾಗದ ತಲುಪಿತೋ ಇಲ್ಲವೋ ಎಂದು ಇದನ್ನು ಬರೆಯುತ್ತಿದ್ದೇನೆ. ಕೈಂಡ್ಲಿ ಅಕ್ನಾಲೆಡ್ಜ್ ಎಂದು ಕಚೇರಿಗೆ ಬರೆಯುತ್ತಿದ್ದೆ, ಮಗಳಿಗೂ ಹಾಗೆ ಬರೆಯುವ ಕಾಲ ಬಂತು.

ನಿನ್ನ ಪ್ರಾಜೆಕ್ಟಿನ ಬಗ್ಗೆ ಯೋಚಿಸಿದೆ. ಹಳೆಯದನ್ನು ಕೆದಕಿ ಏನು ಬಂತು? ಅದರ ಬದಲು ನಾಯಿ ಕಡಿತ ತೆಗೆದುಕೊ. ಇಲ್ಲಿ ನಮ್ಮ ಅಡ್ಡರಸ್ತೆಯಲ್ಲೇ ಈ ವರ್ಷ ನಾಲ್ವರಿಗೆ ಕಚ್ಚಿದೆ, ಅಂಚೆಯವನೂ ಸೇರಿ. ನಾನು ಬೇಕಾದರೆ ಹೆಸರು, ವಯಸ್ಸು, ಯಾವ ಕಾಲು ಎಂಬುದನ್ನೆಲ್ಲ ಬರೆದುಕೊಡುತ್ತೇನೆ. ನಾಯಿ ಕಡಿತಕ್ಕೆ ಯಾವ ರಿಜಿಸ್ಟರೂ ಬೇಕಾಗುವುದಿಲ್ಲ.

ಕ್ಷೌರಿಕ ನಿನ್ನ ವಿಷಯ ಕೇಳಿದ. ಓದು ಮುಗಿದ ಮೇಲೆ ಯಾವ ಬೋರ್ಡು ಹಾಕಿಕೊಳ್ಳುತ್ತಾಳೆ ಎಂದ. “ಕಾಯಿಲೆ ಇಲ್ಲ ಅಂತ ಬೋರ್ಡು ಹಾಕ್ತಾಳೆ ಬಿಡು” ಎಂದೆ. ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ನಗಿಸಿದೆನಲ್ಲ ಎಂದು ಆ ಹೊತ್ತಿಗೆ ಖುಷಿಯಾಯಿತು.

ಬರೆ. ನಾಲ್ಕು ಸಾಲಾದರೂ ಸಾಕು.

ನಿನ್ನ ಅಪ್ಪ


ಆಗಸ್ಟ್ 4

ಮರೀ,

ನಿನ್ನೆ ಕ್ಷೌರಿಕ ಹೇಳಿದ: “ನಿಮ್ಮ ಮಗಳು ಹಳೇ ಬೀದೀಲಿ ಮನೆ ಮನೆ ಬಾಗಿಲು ತಟ್ತಿದ್ಲಂತೆ, ಕೈಯಲ್ಲಿ ಹಲಗೆ ಹಿಡ್ಕೊಂಡು. ಜೊತೇಲಿ ಒಬ್ಬರು ಮೇಡಮ್ಮು. ನಿಮಗೆ ಹೇಳ್ಲಿಲ್ವಾ?”

ಹೇಳಿದಳು, ಕೆಲಸದ ಮೇಲೆ ಬಂದಿದ್ದಾಳೆ ಎಂದೆ. ಮನೆಗೆ ಬಂದು ಇಬ್ಬರಿಗೆ ಅಡುಗೆ ಮಾಡಿದೆ. ಇವತ್ತೂ ಮಾಡಿದೆ. ಬಾಗಿಲು ತಟ್ಟಿದರೆ ಕೇಳದು ಎಂದು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಟೀಚರಮ್ಮ ಎರಡು ಸಲ ಬಂದು ನೋಡಿ ಹೋದರು, ಏನೂ ಕೇಳಲಿಲ್ಲ. ಅವರು ಕೇಳದಿರುವುದು ಇದೇ ಮೊದಲು.

ಯಾರೋ ನಿನಗೆ ಏನೋ ಹೇಳಿರಬೇಕು. ಅದಕ್ಕೇ ನೀನು ಬರಲಿಲ್ಲ ಎಂದುಕೊಂಡೆ. ಅವರು ಹೇಳಿದ್ದು ನಿಜವಿರಬಹುದು.

ಅಪ್ಪ


ಆಗಸ್ಟ್ 11

ಅಪ್ಪ,

ನನಗೆ ಯಾರೂ ಏನೂ ಹೇಳಿಲ್ಲ. ಯಾವುದು ನಿಜವಿರಬಹುದು?

ನಾನು ಎರಡನೆಯ ದಿನ, ಕ್ಷೌರಿಕ ನಿಮಗೆ ಹೇಳುವ ಮೊದಲೇ, ನಿಮ್ಮ ಮೆಟ್ಟಿಲ ಬುಡದವರೆಗೂ ಬಂದಿದ್ದೆ. ಮಧ್ಯಾಹ್ನ ಮೂರು ಗಂಟೆ. ನಿಮ್ಮ ಕೊಡೆ ಬಾಗಿಲ ಹೊರಗೆ ನೇತಾಡುತ್ತಿತ್ತು. ಹತ್ತಲಿಲ್ಲ. ಹತ್ತಿದರೆ ಪುಸ್ತಕ ಕೇಳುತ್ತೇನೆ, ಕೇಳಿದರೆ ಗೆದ್ದಲು ಎನ್ನುತ್ತೀರಿ. ಅದು ತಗಡಿನ ಟ್ರಂಕು ಅಪ್ಪ. ಅದರ ಮುಚ್ಚಳ ಎಷ್ಟು ಬಿಗಿ ಎಂದರೆ ಅಮ್ಮ ಅದರ ಮೇಲೆ ನಿಂತು ಚಿಲಕ ಹಾಕುತ್ತಿದ್ದಳು. ಅದರೊಳಗೆ ಯಾವ ಗೆದ್ದಲು ಹೋಯಿತು?

ಬೀದಿಯಲ್ಲಿ ಐವತ್ತೆಂಟು ಮನೆ ತಟ್ಟಿದೆ. ಹನ್ನೊಂದು ಮನೆಯವರು ಬಾಗಿಲು ತೆರೆಯಲಿಲ್ಲ. ಅವರ ಎದುರು ‘ಉತ್ತರಿಸಲಿಲ್ಲ’ ಎಂದು ಬರೆಯಬೇಕು, ಅದು ನಿಯಮ. ನಿಮ್ಮ ಎದುರೂ ಹಾಗೆ ಬರೆಯಲು ಮನಸ್ಸಾಗಲಿಲ್ಲ, ಅದಕ್ಕೇ ತಿರುಗಿ ಹೋದೆ.

ನನಗೆ ಅರ್ಥವಾಗಿದೆ. ನೀವು ಮೊದಲಿಂದಲೂ ಈ ಓದನ್ನು ತಮಾಷೆಗೆ ತೆಗೆದುಕೊಂಡಿರಿ. ಡಾಕ್ಟರಲ್ಲ, ನರ್ಸಲ್ಲ, ಕಾಯಿಲೆ ಇಲ್ಲ ಎಂಬ ಬೋರ್ಡು. ಇಂಥ ಓದಿಗೆ ಅಮ್ಮನ ಸಾವನ್ನು ಪರೀಕ್ಷೆಯ ವಸ್ತು ಮಾಡಿದಳಲ್ಲ ಎಂದು ನಿಮಗೆ ಅಸಹ್ಯವಾಗಿದ್ದರೆ ನೇರವಾಗಿ ಹೇಳಿಬಿಡಿ. ಈಗ ನಾನು ಗೋಡೆಯ ಕಡೆ ಮುಖ ಮಾಡಿಯೇ ಊಟ ಮಾಡುತ್ತೇನೆ, ನಮ್ಮ ಹಾಸ್ಟೆಲಿನ ಊಟದ ಕೋಣೆಯಲ್ಲಿ ಕಿಟಕಿ ಇಲ್ಲ. ಕೋರ್ಸು ಬಿಡುವ ಅರ್ಜಿ ಆಗಸ್ಟ್ ಕೊನೆಯವರೆಗೂ ತೆಗೆದುಕೊಳ್ಳುತ್ತಾರೆ. ಫಾರಂ ತಂದಿಟ್ಟಿದ್ದೇನೆ. ನಿಮ್ಮ ಉತ್ತರ ನೋಡಿ ತುಂಬುತ್ತೇನೆ.

ಮರಿ


ಆಗಸ್ಟ್ 18

ಮರೀ,

ಆ ಫಾರಂ ತುಂಬಬೇಡ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ನಿನ್ನ ಓದು ತಮಾಷೆಯಲ್ಲ. ತಮಾಷೆ ಮಾಡಿದವನಿಗೆ ಅದರ ಭಯ. ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್, ಎಂದು ನಮ್ಮ ಕಾಲದಲ್ಲಿ ತಪ್ಪೊಪ್ಪಿಗೆ ಶುರು ಮಾಡುತ್ತಿದ್ದೆವು.

ಗೆದ್ದಲು ಹಿಡಿದಿಲ್ಲ. ಪುಸ್ತಕಗಳು ಟ್ರಂಕಿನಲ್ಲೇ ಇವೆ, ಹನ್ನೊಂದು ವರ್ಷದಿಂದ ತೆರೆದಿಲ್ಲ.

ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ದಿನಾ ನೋಡಬೇಕಿತ್ತು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಪರೀಕ್ಷೆಯ ದ್ರಾವಣದ ಬಾಟಲಿಯಿಂದ ಮೂರು ಹನಿ ಹಾಕಿದರೆ ಹಳದಿ ಬಣ್ಣ ಬರುತ್ತದೆ, ಅದನ್ನು ಬಣ್ಣದ ಪಟ್ಟಿಗೆ ಹೋಲಿಸಿ ರಿಜಿಸ್ಟರಿನಲ್ಲಿ ಅಂಕಿ ಬರೆಯುವುದು. ಆ ವರ್ಷ ಮಾರ್ಚ್ 3ನೇ ತಾರೀಕು ಬಾಟಲಿ ನನ್ನ ಕೈ ಜಾರಿ ಒಡೆಯಿತು. ಹೊಸದಕ್ಕೆ ಇಂಜಿನಿಯರರ ಸಹಿ ಬೇಕು, ಇಂಜಿನಿಯರರು ರಜೆ. ಬೇರೆ ಯಾರಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ದಿನಾ ಪಾಯಿಂಟ್ ಐದು ಬರುತ್ತಿತ್ತಲ್ಲ, ನಾಲ್ಕು ದಿನ ನೋಡದೆಯೇ ಪಾಯಿಂಟ್ ಐದು ಎಂದು ಬರೆದೆ. ಪುಡಿ ಮಾತ್ರ ಎಂದಿನಂತೆ ಹಾಕಿದೆ, ಕಣ್ಣಳತೆಯಲ್ಲಿ.

ಮಾರ್ಚ್ 12ಕ್ಕೆ ನಿನ್ನ ಅಮ್ಮನ ಕಣ್ಣು ಹಳದಿಯಾಯಿತು. ಎಂಟು ತಿಂಗಳ ಬಸುರಿ. 19ಕ್ಕೆ ಇಬ್ಬರೂ ಹೋದರು. ನಿನಗೆ ಒಂಬತ್ತು ವರ್ಷ, ಆಸ್ಪತ್ರೆಯ ವರಾಂಡದಲ್ಲಿ ಬೆಂಚಿನ ಮೇಲೆ ಮಲಗಿದ್ದೆ. ನಾನು ಆ ಹಳದಿ ನೋಡಿದೆ ಮರೀ, ನಮ್ಮ ಕೊಳವೆಯಲ್ಲಿ ಬರುವ ಬಣ್ಣವೇ. ನಾನು ನೋಡಬೇಕಿದ್ದ ಹಳದಿಯನ್ನು ನೋಡಲಿಲ್ಲ, ಅದಕ್ಕೆ ಇದನ್ನು ನೋಡು ಎಂದು ತೋರಿಸಿದ ಹಾಗಿತ್ತು.

ಯಾರಿಗೂ ಹೇಳಲಿಲ್ಲ. ಅನುಕಂಪದ ಮಾತಾಡಲು ಬಂದವರೆಲ್ಲ ವಿಧಿ ಎಂದರು, ನಾನು ಹೌದು ಎಂದೆ. ನೀನು ಈ ಓದಿಗೆ ಸೇರಿದ ದಿನವೇ ಗೊತ್ತಿತ್ತು, ಒಂದಲ್ಲ ಒಂದು ದಿನ ನೀನೇ ಬಂದು ಕೇಳುತ್ತೀಯ ಎಂದು.

ಈಗ ಬರೆಯುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನನಗೆ ಬರೆಯದಿದ್ದರೂ ಸರಿ, ಪ್ರಾಜೆಕ್ಟಿನಲ್ಲಿ ನನ್ನ ಹೆಸರು ಬರೆದರೂ ಸರಿ. ಓದು ಮಾತ್ರ ಬಿಡಬೇಡ.

ಅಪ್ಪ


ಆಗಸ್ಟ್ 29

ಅಪ್ಪ,

ನಿಮ್ಮ ಕಾಗದವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿದೆ. ಎರಡು ದಿನ ತರಗತಿಗೆ ಹೋಗಲಿಲ್ಲ. ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ ನನ್ನ ಪಟ್ಟಿ ತೆಗೆದು ತಾರೀಕು ನೋಡಿದೆ. ನೀವೂ ನೋಡಿ.

ಈ ಕಾಮಾಲೆ ಕೆಟ್ಟ ನೀರು ಕುಡಿದ ವಾರಕ್ಕೇ ಬರುವುದಿಲ್ಲ. ಎರಡರಿಂದ ಎಂಟು ವಾರ ಹಿಡಿಯುತ್ತದೆ, ಹೆಚ್ಚಿನವರಿಗೆ ಐದಾರು ವಾರ. ನೀವು ಬಾಟಲಿ ಒಡೆದದ್ದು ಮಾರ್ಚ್ 3, ಅಮ್ಮನ ಕಣ್ಣು ಹಳದಿಯಾದದ್ದು ಮಾರ್ಚ್ 12. ನಡುವೆ ಒಂಬತ್ತು ದಿನ. ಸಾಲುವುದಿಲ್ಲ ಅಪ್ಪ. ಇನ್ನೊಂದು ವಿಷಯ. ಆಸ್ಪತ್ರೆಯ ಹಳೇ ದಾಖಲೆಯಲ್ಲಿ ನಮ್ಮ ಬೀದಿಯ ಮೊದಲ ರೋಗಿ ಫೆಬ್ರವರಿ 20ಕ್ಕೆ ಸೇರಿದ್ದಾರೆ, ಬೀದಿಯ ಬೇಕರಿಯವರು. ಬಾಟಲಿ ಆಗ ನಿಮ್ಮ ಕಪಾಟಿನಲ್ಲಿ ಗಟ್ಟಿಯಾಗಿ ಇತ್ತು. ಎಲ್ಲ ಸೇರಿ ಮೂವತ್ತಾರು ಜನ. ಆಗ ಯಾರೂ ಒಟ್ಟು ಮಾಡಿ ಎಣಿಸಿರಲಿಲ್ಲ, ಪ್ರತಿ ಮನೆಯವರೂ ತಮ್ಮ ಮನೆಗೊಂದೇ ಬಂತು ಎಂದುಕೊಂಡಿದ್ದರು. ಇದು ಪ್ರಾಣಕ್ಕೆ ಬರುವುದು ಹೆಚ್ಚಾಗಿ ಬಸುರಿಯರಿಗೆ. ಅಮ್ಮ ಒಬ್ಬಳೇ ಹೋದದ್ದು ಅದಕ್ಕೆ.

ನೀವು ನೋಡದೆ ಬರೆದದ್ದು ತಪ್ಪೇ. ಅಮ್ಮನನ್ನು ಕೊಂದದ್ದು ಆ ತಪ್ಪಲ್ಲ. ಹನ್ನೊಂದು ವರ್ಷ ನೀವು ತಪ್ಪು ವಾರವನ್ನು ಹೊತ್ತುಕೊಂಡಿದ್ದೀರಿ.

ರೋಗಿಗಳೆಲ್ಲ ಬೀದಿಯ ತಿರುವಿನಿಂದ ಆಚೆಯವರು, ಪೈಪು ಚರಂಡಿಯ ಕೆಳಗೆ ಹಾದುಹೋದ ನಂತರದ ಮನೆಗಳು. ಆ ಚಳಿಗಾಲದಲ್ಲಿ ಅಲ್ಲಿ ಅಗೆದಿದ್ದರು ಎಂದು ಮೂರು ಮನೆಯವರು ಹೇಳಿದರು. ಯಾವಾಗ ಎಂದರೆ ಒಬ್ಬರು ಡಿಸೆಂಬರ್, ಒಬ್ಬರು ಜನವರಿ, ಒಬ್ಬರು ಫೆಬ್ರವರಿ. ನನ್ನ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಇದನ್ನು ಒಪ್ಪುತ್ತಿಲ್ಲ. “ಹನ್ನೊಂದು ವರ್ಷದ ಹಿಂದಿನ ನೆನಪು ತಾರೀಕಾಗಲ್ಲಮ್ಮ. ಆಗಲೇ ಬರೆದಿಟ್ಟ ಒಂದು ಸಾಲು ತಗೊಂಡು ಬಾ” ಎನ್ನುತ್ತಾರೆ. ಪಂಪ್‌ಹೌಸಿನ ಅಂಕಿ ಸರಿಯಿದ್ದರೂ ಸಾಲದಂತೆ, ಪೈಪಿನ ತುದಿಯಲ್ಲಿ ನೀರು ಹೇಗಿತ್ತು ಎಂಬುದು ಬೇಕಂತೆ. ಕೊನೆಯ ನಲ್ಲಿಯದ್ದು ಯಾರೂ ಪರೀಕ್ಷಿಸಿರಲಾರರು, ಗೊತ್ತು. ಆದರೂ ಒಮ್ಮೆ ಪುಸ್ತಕ ತೆರೆದು ನೋಡುತ್ತೀರಾ? ಜನವರಿಯಿಂದ ನೋಡಿ.

ಫಾರಂ ಇನ್ನೂ ಮೇಜಿನ ಮೇಲಿದೆ. ತುಂಬಿಲ್ಲ.

ಮರಿ


ಸೆಪ್ಟೆಂಬರ್ 6

ಮರೀ,

ಟ್ರಂಕು ತೆಗೆದೆ. ಚಿಲಕ ತುಕ್ಕು ಹಿಡಿದಿತ್ತು, ಟೀಚರಮ್ಮ ಸುತ್ತಿಗೆ ಕೊಟ್ಟರು, ಏನಿದೆ ಎಂದು ಕೇಳಿದರು. “ಉತ್ತರಪತ್ರಿಕೆ” ಎಂದೆ. ಕೆಳಗೆ ಹೋದರು.

ನಿನ್ನ ಕಾಗದ ಬಂದ ಮೇಲೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಒಂದೇ ರಾತ್ರಿ. ಅದಕ್ಕೆ ನಿನಗೆ ಋಣಿ. ಮಾರನೆಯ ದಿನ ಪುಸ್ತಕ ತೆರೆದೆ.

ಕಾರ್ಬನ್ ಅಕ್ಷರ ನೀಲಿಯಾಗಿ ಹರಡಿದೆ, ಆದರೆ ಓದಬಹುದು. ಜನವರಿ 29. ಗಂಟೆ, ಟ್ಯಾಂಕಿನ ಮಟ್ಟ, ಪುಡಿ, ಪಾಯಿಂಟ್ ಐದು. ಆ ಪಾಯಿಂಟ್ ಐದು ನಿಜ, ನನ್ನ ಕೈಯಾರೆ ಮೂರು ಹನಿ ಹಾಕಿ ನೋಡಿದ್ದು. ಕೊನೆಯಲ್ಲಿ ಷರಾ ಎಂಬ ಅಂಕಣ, ಮೋಟಾರು ಕೆಟ್ಟರೆ ಕರೆಂಟು ಹೋದರೆ ಬರೆಯುವ ಜಾಗ. ಅಲ್ಲಿ ಕಾರ್ಬನ್ನಿನದಲ್ಲದ ಅಕ್ಷರವಿದೆ. ಪೆನ್ಸಿಲ್. ಮೇಲಿನ ಹಾಳೆ ಕಚೇರಿಗೆ ಹೋದ ಮೇಲೆ ಬರೆದದ್ದು. ನನ್ನದೇ ಕೈಬರಹ.

‘ಮನೆ ನಲ್ಲಿ: ನೀವು ಬರಲಿಲ್ಲ ಎಂದಳು.’

ಬರೆದದ್ದು ನನಗೆ ಮರೆತೇ ಹೋಗಿತ್ತು. ಓದಿದ ಕೂಡಲೇ ಎಲ್ಲ ಬಂತು. ಅವತ್ತು ಪಾಳಿ ಮುಗಿಸಿ ಮನೆಗೆ ಹೋದಾಗ ಅವಳು ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು, ಬಗ್ಗಲಾಗುತ್ತಿರಲಿಲ್ಲ.

“ಇವತ್ತು ನೀವು ಬರಲಿಲ್ಲ” ಎಂದಳು.

“ಬಂದಿದ್ದೀನಲ್ಲೇ.”

“ನಲ್ಲೀಲಿ ಬರಲಿಲ್ಲ. ನೀರು ಸಪ್ಪೆ, ವಾಸನೇನೇ ಇಲ್ಲ.”

“ನಾನೇ ನೋಡಿ ಬಂದಿದ್ದೀನಿ ಕಣೇ. ಪಾಯಿಂಟ್ ಐದು.”

“ನಿಮ್ಮ ಪುಸ್ತಕ ಏನಾದ್ರೂ ಅನ್ನಲಿ. ನನ್ನ ಮೂಗು ಬರಲಿಲ್ಲ ಅನ್ನತ್ತೆ.”

“ಬಸುರಿ ಮೂಗು. ಹೋದ ವಾರ ಸೋಪಿಗೂ ವಾಸನೆ ಇಲ್ಲ ಅಂದೆ.”

ಅವಳು ನಕ್ಕಳು. ಮಾರನೆಯ ದಿನ ತಮಾಷೆಗೆ ಇದನ್ನು ಷರಾದಲ್ಲಿ ಬರೆದು, ನೋಡು ನಿನ್ನ ದೂರು ದಾಖಲಾಗಿದೆ ಎಂದು ಮನೆಗೆ ತಂದು ತೋರಿಸಿದೆ. ಜನವರಿ 30: ‘ಇವತ್ತೂ ಇಲ್ಲವಂತೆ.’ 31: ‘ಇಲ್ಲ.’ ಫೆಬ್ರವರಿ 1: ‘ಇಲ್ಲ. ಮುಖ ಗಂಟು.’ 2ರಿಂದ ಏನೂ ಇಲ್ಲ. ವಾಸನೆ ಬಂತು ಎಂದಲ್ಲ. ಅವಳು ಹೇಳುವುದನ್ನು ಬಿಟ್ಟಳು, ನಾನು ಬರೆಯುವುದನ್ನು ಬಿಟ್ಟೆ.

ಕ್ಯಾಲೆಂಡರಿನಲ್ಲಿ ಎಣಿಸಿದೆ. ಜನವರಿ 29ರಿಂದ ಮಾರ್ಚ್ 12ಕ್ಕೆ ಆರು ವಾರ. ಚರಂಡಿಯ ಕೊಳೆ ಪೈಪಿಗೆ ಸೇರಿದರೆ ಕ್ಲೋರಿನ್ ಅಲ್ಲೇ ಸವೆದುಹೋಗುತ್ತದೆ, ತುದಿಗೆ ವಾಸನೆ ತಲುಪುವುದಿಲ್ಲ. ಕಾಲೇಜಿನಲ್ಲಿ ಓದಿದ ಅಷ್ಟು ಕೆಮಿಸ್ಟ್ರಿ ನನಗೆ ಗೊತ್ತಿತ್ತು ಮರೀ. ಸೈಕಲ್ಲಿನಲ್ಲಿ ಕೊಳವೆ ತಂದು ನಮ್ಮ ನಲ್ಲಿಗೆ ಹಿಡಿದಿದ್ದರೆ ಹತ್ತು ನಿಮಿಷ. ಬಾಟಲಿಯೂ ಆಗ ಗಟ್ಟಿಯಾಗಿ ಇತ್ತು, ನೀನೇ ಹೇಳಿದ ಹಾಗೆ.

ಇದನ್ನು ಮುಚ್ಚಿಡಲು ಮತ್ತೆ ಗೆದ್ದಲನ್ನು ಕರೆಯಬಹುದಿತ್ತು. ಒಂದು ಇಡೀ ದಿನ ಯೋಚಿಸಿದೆ ಕೂಡ. ಸುಳ್ಳು ಅಂಕಿಯ ತಪ್ಪು ನನಗೆ ಅಭ್ಯಾಸವಾಗಿತ್ತು, ಹಳೇ ಚಪ್ಪಲಿಯ ಹಾಗೆ. ಈ ನಿಜವಾದ ಅಂಕಿಯ ತಪ್ಪು ಹೊಸದು, ಕಚ್ಚುತ್ತದೆ. ಆದರೆ ಕೊನೆಯ ನಲ್ಲಿಯನ್ನು ಯಾರೂ ಪರೀಕ್ಷಿಸಿರಲಾರರು ಎಂದು ಬರೆದೆಯಲ್ಲ, ಆ ಸಾಲು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಪರೀಕ್ಷಿಸಿದ್ದಳು. ದಿನಾ ಬೆಳಿಗ್ಗೆ, ಅಂಗೈಯಲ್ಲಿ ಹಿಡಿದು. ನಿನ್ನ ಮೇಡಮ್ಮಿಗೆ ಹೇಳು, ಆಗಲೇ ಬರೆದಿಟ್ಟ ಒಂದು ಸಾಲಲ್ಲ, ನಾಲ್ಕು ಸಾಲಿವೆ. ಪ್ರಾಜೆಕ್ಟಿನಲ್ಲಿ ಪರೀಕ್ಷಿಸಿದವರು ಎಂಬ ಕಡೆ ಅವಳ ಹೆಸರು ಹಾಕು. ಬರೆದೂ ನಂಬದವರು ಎಂಬ ಅಂಕಣ ನಿಮ್ಮ ಫಾರಂನಲ್ಲಿ ಇದ್ದರೆ ಅಲ್ಲಿ ನನ್ನದು.

ಪುಸ್ತಕವನ್ನು ಅಂಚೆಗೆ ಹಾಕುವುದಿಲ್ಲ. ಆ ಸೋಮಾರಿಯ ಕೈಗೆ ಇದನ್ನು ಕೊಡಲಾರೆ. ನೀನೇ ಬಂದು ತೆಗೆದುಕೊಂಡು ಹೋಗು. ಇಪ್ಪತ್ತೆರಡು ಮೆಟ್ಟಿಲು. ತಟ್ಟಿದರೆ ನನಗೆ ಕೇಳುವುದಿಲ್ಲ, ಅದಕ್ಕೇ ಹಗಲೆಲ್ಲ ಬಾಗಿಲು ತೆರೆದೇ ಇಡುತ್ತೇನೆ. ಬಂದ ಕೂಡಲೇ ಪುಸ್ತಕ ಕೇಳು, ಊಟದ ವಿಷಯ ಆಮೇಲೆ. ಕಿಟಕಿಯ ಕಡೆ ಎರಡನೆಯ ಕುರ್ಚಿ ಹಾಕಿದ್ದೇನೆ.

ಇನ್ನೂ ಏನೋ ಬರೆಯಬೇಕಿತ್ತು. ಅವಳ ಆ ನಾಲ್ಕು ಸಾಲನ್ನು ಇನ್ನೊಮ್ಮೆ ನೋಡಿ ಬರೆಯೋಣವೆಂದು ಪುಸ್ತಕವನ್ನು ಕಿಟಕಿಗೆ ಹಿಡಿದೆ. ಕಾರ್ಬನ್ ಅಂಕಿ ಕಾಣುತ್ತಿದೆ, ಪೆನ್ಸಿಲ್ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.